ಏಳನೇ ಬೂತು

ಸೋಹಾರಿನ ಟ್ರೈನಿಂಗ್ ಸೆಂಟರಿಗೆ ಭಾನುವಾರ
ಹನ್ನೆರಡು ಹೆಲ್ಮೆಟ್ಟು ಬಂದವು, ಥರ್ಮಾಕೋಲಿನ ಗೂಡಲ್ಲಿ.
ಹಾಕಿಕೊಂಡರೆ ಖಾಲಿ ಮೇಜಿನ ಮೇಲೆ ಉಕ್ಕಿನ ಪೈಪು ಮೂಡುತ್ತದೆ,
ಪ್ಲಾಸ್ಟಿಕ್ಕಿನ ಹಿಡಿ ಒತ್ತಿದರೆ ಬೆಂಕಿ.
ಬಿಸಿಯಿಲ್ಲ. ಕಮಟು ವಾಸನೆಯಿಲ್ಲ.
ರಾತ್ರಿ ಕಣ್ಣಿಗೆ ಮರಳು ಹೊಯ್ದಂತಾಗುವುದಿಲ್ಲ.
ಕೈ ಹೋಗಬೇಕಾದ ದಾರಿಗೆ ಹಸಿರು ಗೆರೆ,
ತಪ್ಪಿದರೆ ಕೆಂಪು,
ಕೊನೆಗೆ ನೂರಕ್ಕೆ ಇಷ್ಟು ಎಂಬ ಅಂಕ.

ನಾನು ಮೋನಪ್ಪ. ಅರಬಿಯಲ್ಲಿ 'ಪ' ಇಲ್ಲವಾಗಿ
ಇಪ್ಪತ್ತಾರು ವರ್ಷದಿಂದ ಇಲ್ಲಿ ಉಸ್ತಾದ್ ಮೋನಬ್ಬ.
ಊರಲ್ಲಿ ಮೋನಬ್ಬ ಅಂದರೆ ಬಂದರಿನ ಬ್ಯಾರಿ,
ಟ್ರಾಲರಿನ ಒಡಕಿಗೆ ಬೆಸುಗೆ ಹಾಕುವುದನ್ನು
ನನ್ನ ಕಿವಿ ಹಿಂಡಿ ಕಲಿಸಿದವರು.
ಅವರ ಹೆಸರು ಹೊತ್ತು ತಿರುಗಲು ನನ್ನ ತಕರಾರಿಲ್ಲ.

ಕಿವಿಯಿಂದಲೇ ಕಲಿಯುವ ಕೆಲಸ ಇದು.
ಕಡ್ಡಿ ಸರಿಯಾದ ದೂರದಲ್ಲಿದ್ದರೆ
ಒಗ್ಗರಣೆಗೆ ಬಿದ್ದ ಸಾಸಿವೆಯ ಸದ್ದು,
ಹತ್ತಿರವಾದರೆ ಗಂಟಲು ಕಟ್ಟುತ್ತದೆ,
ದೂರವಾದರೆ ಬೊಬ್ಬೆ ಹೊಡೆಯುತ್ತದೆ.
ಹೆಲ್ಮೆಟ್ಟಿನೊಳಗೂ ಸದ್ದಿದೆ, ಇಲ್ಲವೆನ್ನುವುದಿಲ್ಲ.
ಯಾರದೋ ಅಡುಗೆಮನೆಯ ಒಗ್ಗರಣೆ.

ಶಂಸಾ ಮೊದಲ ದಿನವೇ ತೊಂಬತ್ತೊಂದು ತೆಗೆದಳು.
ಹತ್ತೊಂಬತ್ತು ವರ್ಷ; ಅಪ್ಪ ಬೂತಾಯಿ ಹಿಡಿಯುವವನು.
"ಉಸ್ತಾದ್, ನೀವೂ ಒಮ್ಮೆ" ಅಂದಳು.
ಎಲ್ಲರೂ ಮೇಜಿನ ಸುತ್ತ.
ಹಾಕಿಕೊಂಡೆ.

ಐವತ್ತೆಂಟು.

ಯಾರೂ ನಗಲಿಲ್ಲ, ಅದೇ ಕಷ್ಟವಾಯಿತು.
ಗೋಡೆಯ ಪರದೆ ನನ್ನ ಬಲಗೈಯನ್ನು ಬಿಡಿಸಿ ತೋರಿಸುತ್ತಿತ್ತು:
ಮಣಿಕಟ್ಟಿನ ಬಳಿ ಸಣ್ಣ ಕೆಂಪು ಹಲ್ಲುಗಳು, ಗರಗಸದ ಹಾಗೆ.
ಎರಡು ವರ್ಷದಿಂದ ಚಹಾದ ಲೋಟವನ್ನು
ಅರ್ಧವೇ ತುಂಬಿಸಿಕೊಂಡು ಮುಚ್ಚಿಟ್ಟ ನಡುಕ,
ವೀಸಾದ ಮೆಡಿಕಲ್ಲಿಗೂ ಸಿಗದ್ದು.

ಶಂಸಾ ನೋಡಿದಳು.
ಗೆರೆ ನೋಡಿ ಕೈಯ ಕತೆ ಹೇಳುವುದನ್ನು ನಾನೇ ಕಲಿಸಿದ್ದು.
"ಸೆನ್ಸರು ಸರಿಯಿಲ್ಲ" ಎಂದು
ಹುಡುಗರಿಗೆ ಕೇಳುವಷ್ಟು ಗೊಣಗಿ
ನನ್ನ ಹೆಸರಿನ ಸಾಲನ್ನು ಅಳಿಸಿದಳು.

ಆಮೇಲೆ ಏಳನೇ ಬೂತು. ನಿಜವಾದ ಕಡ್ಡಿ, ನಿಜವಾದ ಉಕ್ಕು.
ಮೊದಲ ಕಿಡಿಯೇ ಗ್ಲೌಸಿನ ಬಾಯಿಂದ ಒಳಗಿಳಿಯಿತು.
ಬಿಡಲಿಲ್ಲ ಅವಳು, ಹಲ್ಲು ಕಚ್ಚಿ ಒಂದಿಂಚು ಎಳೆದಳು.
ಡೊಂಕು. ಗುಳ್ಳೆ ಗುಳ್ಳೆ. ಒಂದೇ ಬೊಬ್ಬೆ.
ನಾನು ಪಕ್ಕದಲ್ಲಿ ನಿಂತಿದ್ದೆ, ಕಣ್ಣು ಮುಚ್ಚಿ,
ಕೈ ಎರಡನ್ನೂ ಜೇಬಿನಲ್ಲಿಟ್ಟು.
"ಹತ್ತಿರ," ಅಂದೆ. "ಇನ್ನೂ. ಇನ್ನು ಚೂರು. ಹಾಂ,
ಸಾಸಿವೆ!"

ಅರಬಿಯಲ್ಲಿ ಅದಕ್ಕೆ ಏನನ್ನುತ್ತಾರೋ
ಆ ಹೊತ್ತಿಗೆ ನೆನಪಾಗಲಿಲ್ಲ.