ಸೀಮೆಸುಣ್ಣ

ಬೆಳಗಿನ ಆರಕ್ಕೆ ಊರು ಏಳುತ್ತದೆ,
ಏಳುತ್ತಲೇ ತನ್ನ ಒಳಗನ್ನು ಹೊರಗೆ ಚೆಲ್ಲುತ್ತದೆ.
ಅದಕ್ಕೇ ಆರಕ್ಕೇ ಹೋಗು ಅಂದಿದ್ದಾರೆ ಲ್ಯಾಬಿನ ರಫಲಿಮನಾನ.
ಏಳು ದಾಟಿದರೆ ಅಕ್ಕಿ ತೊಳೆದ ನೀರು, ಸೋಪಿನ ನೊರೆ;
ಆರಕ್ಕಾದರೆ ಬರೀ ಹೊಟ್ಟೆಯ ಸುದ್ದಿ.

ಅಂಟನನರಿವೊದ ಕೊಳೆಯೆಲ್ಲ ಕೂಡುವ ಕಾಲುವೆ.
ಸೇತುವೆ ಕೆಳಗೆ ನಾನು, ಹಗ್ಗ, ಬಕೆಟ್ಟು,
ಮೊಣಕೈವರೆಗೆ ಕೈಗವಸು.
ನೀರುಸೊಪ್ಪು ಕೊಯ್ಯುವ ಹೆಂಗಸು ಕೆಸರಲ್ಲೇ ನಿಂತು ಕೇಳುತ್ತಾಳೆ:
"ಇವತ್ತೂ ಮೀನು ಸಿಗಲಿಲ್ಲವಾ, ಹೈಂಗು?"
ಅವಳ ಬಾತುಗಳು ನಗುತ್ತವೆ. ನಾನೂ.

ಒಂದು ಲೀಟರ್. ಹೆಚ್ಚು ಬೇಡ, ಕಡಿಮೆಯೂ.
ಮುಚ್ಚಳ ಬಿಗಿದು, ಒರೆಸಿ, ತಾರೀಖು ಬರೆದು
ಐಸಿನ ಪೆಟ್ಟಿಗೆಯಲ್ಲಿ ಮಲಗಿಸುತ್ತೇನೆ.
ಅಲ್ಲಿ ಗಾಜಿನ ಬುಡ್ಡಿಯ ಜೀವಕೋಶಗಳಿಗೆ ಇದನ್ನು ಉಣಿಸಿ
ಐದು ದಿನ, ಮತ್ತೈದು ದಿನ ಕಾಯುತ್ತಾರೆ.
ಸತ್ತರೆ, ಇದೆ.
ಬದುಕಿದರೆ ಇಲ್ಲ ಎಂದಲ್ಲ, ಸಿಗಲಿಲ್ಲ ಎಂದಷ್ಟೇ.

ಇಂಥದೇ ಪೆಟ್ಟಿಗೆ ಹೊತ್ತು ಎಷ್ಟು ವರ್ಷ ಹತ್ತಿದೆ
ಈ ಓಣಿಗಳ ಮೆಟ್ಟಿಲು!
ಅಳುವ ಬಾಯಿ, ನಗುವ ಬಾಯಿ, ಗೆಣಸು ಮೆತ್ತಿದ ಬಾಯಿ,
ಎರಡೆರಡು ಹನಿ.
ಎಡಗೈ ಕಿರುಬೆರಳಿಗೆ ಶಾಯಿ,
ಬಾಗಿಲಿಗೆ ಸೀಮೆಸುಣ್ಣದ ಗೀಟು.

ಹನಿಯಲ್ಲಿದ್ದುದು ಪಳಗಿಸಿದ ವೈರಾಣು.
ಹಲ್ಲು ಕಿತ್ತ ಹಾವು, ಅಂದಿದ್ದರು ತರಬೇತಿಯಲ್ಲಿ.
ನಮ್ಮ ದ್ವೀಪದಲ್ಲಿ ಕೊಲ್ಲುವ ಹಾವಿಲ್ಲ;
ಹೋಲಿಕೆ ನನಗೆ ತಟ್ಟಲಿಲ್ಲ.

ಎಲ್ಲ ಮಕ್ಕಳೂ ಹನಿ ಕುಡಿದ ಬೀದಿಯಲ್ಲಿ
ಅದು ಬಂದಷ್ಟೇ ಮೆತ್ತಗೆ ಹೊರಟುಹೋಗುತ್ತದೆ.
ಕುಡಿಯದ ಮಕ್ಕಳ ಬೀದಿ ಸಿಕ್ಕರೆ
ಒಂದು ಹೊಟ್ಟೆಯಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ,
ದಾರಿ ಉದ್ದವಾದ ಹಾಗೆಲ್ಲ
ಅಕ್ಷರ ಅಕ್ಷರವಾಗಿ ಕಲಿಸಿದ ಪಾಠ ಮರೆಯುತ್ತದೆ.
ರಫಲಿಮನಾನ ಬೆರಳು ಮಡಿಸಿ ಎಣಿಸುತ್ತಾರೆ:
ಹತ್ತು ಅಕ್ಷರ ತಪ್ಪಿದರೆ, ಸುಮಾರು ಒಂದು ವರ್ಷದ ಅಲೆದಾಟ.

ಕಳೆದ ತಿಂಗಳ ಬಾಟಲಿಯಲ್ಲಿ ಇಪ್ಪತ್ಮೂರು ತಪ್ಪಿದ್ದವು.

ನಾನು ಹಿಂದಕ್ಕೆ ಎಣಿಸಿದೆ. ಎರಡು ವರ್ಷ, ಮೇಲೆ ಮೂರು ತಿಂಗಳು.
ಜೂನ್. ಚಳಿ. ಇಟ್ಟಿಗೆ ಗೂಡುಗಳ ಹೊಗೆ.
ಸುತ್ತಿನ ಮೂರನೆಯ ಸಂಜೆ, ದಿಬ್ಬದ ಕೊನೆಯ ಸಾಲು.
ಮೊದಲ ಮನೆಯಲ್ಲಿ, "ಈಗಷ್ಟೇ ಮಲಗಿವೆ, ನಾಳೆ ಬಾ."
ಎರಡನೆಯದಕ್ಕೆ ಬೀಗ.
ಮೂರನೆಯದರ ಕದ ನಾನು ತಟ್ಟಲೇ ಇಲ್ಲ;
ಒಳಗೆ ಮಗು ಕೆಮ್ಮುತ್ತಿತ್ತು, ಅನ್ನ ಸೀದ ವಾಸನೆ.
ಮೂರಕ್ಕೂ ಗೀಟೆಳೆದು,
ಪುಸ್ತಕದಲ್ಲಿ ಐದು ಮಕ್ಕಳು ಎಂದು ಬರೆದು,
ಕತ್ತಲಾಗುವ ಮುಂಚೆ ಬಸ್ಸು ಹಿಡಿದೆ.
ಆ ದಿನದ ಕೂಲಿ ಎಣಿಸಿ ಕೊಟ್ಟರು. ಪೂರ್ತಿ.

ಈ ನೀರು ಲಕ್ಷ ಜನರದು, ಐದು ಮಕ್ಕಳದ್ದಲ್ಲ.
ಗೊತ್ತು.
ಇಡೀ ನಗರದಲ್ಲಿ ಎಷ್ಟು ಕೈ, ಎಷ್ಟು ಸುಣ್ಣ,
ಎಷ್ಟು ಸುಸ್ತಾದ ಸಂಜೆ!
ಹರಿಯುವ ನೀರಿಗೆ ಮನೆ ನಂಬರಿಲ್ಲ,
ಅದು ಯಾರತ್ತಲೂ ಬೊಟ್ಟು ಮಾಡುವುದಿಲ್ಲ.
ಮಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮೊನ್ನೆ ಆ ದಿಬ್ಬಕ್ಕೆ ಹೋಗಿದ್ದೆ. ಸುಮ್ಮನೆ.
ಮೂರನೆಯ ಬಾಗಿಲು ಬದಲಾಗಿದೆ, ಈಗ ತಗಡಿನದು.
ಮುಂದೆ ಹುಡುಗಿಯೊಬ್ಬಳು ಇಟ್ಟಿಗೆ ಚೂರಿನಿಂದ ಮನೆ ಬರೆದು
ಕುಂಟಾಬಿಲ್ಲೆ ಆಡುತ್ತಿದ್ದಳು,
ಒಂದು ಕಾಲು ಮಡಿಸಿ, ನೆಗೆದು, ನೆಗೆದು.
ಅವಳು ಎರಡನೆಯ ಕಾಲು ಊರುವವರೆಗೆ
ನಾನು ಉಸಿರು ಬಿಡಲಿಲ್ಲ.

ಬರುವ ವಾರ ಮತ್ತೆ ಹನಿಯ ಸುತ್ತು. ಹೆಸರು ಕೊಟ್ಟಿದ್ದೇನೆ,
ದಿಬ್ಬದ ಸಾಲೇ ಬೇಕು ಎಂದು.
ಯಾಕೆಂದು ಯಾರೂ ಕೇಳಲಿಲ್ಲ.
ಕೇಳಿದ್ದರೆ, ಕಾಲುನೋವಿಗೆ ಏರು ಒಳ್ಳೆಯದು ಅನ್ನುತ್ತಿದ್ದೆನೇನೋ.

ಈಗ ಆರೂ ಹತ್ತು. ಬಕೆಟ್ಟು ಇಳಿಯುತ್ತಿದೆ.
ಮೇಲೆ ಯಾರದೋ ಮನೆಯ ಮೊದಲ ನೀರು
ಪೈಪಿನಿಂದ ಧುಮುಕಿತು, ಬೆಚ್ಚಗೆ, ಹಬೆಯಾಡುತ್ತ.
ಬಾತುಗಳು ಸರಿದು ದಾರಿ ಬಿಟ್ಟವು.