ಹನ್ನೊಂದೂವರೆ

ಉಚ್ಚಿಲದ ಶಾಲೆ, ಮೂರನೇ ತರಗತಿಯ ಕೋಣೆ.
ಕರಿಹಲಗೆಯಲ್ಲಿ ಇನ್ನೂ ಶುಕ್ರವಾರದ ಲೆಕ್ಕ:
ಒಬ್ಬ ವ್ಯಾಪಾರಿಯ ಬಳಿ ನಲವತ್ತು ಮಾವಿನಹಣ್ಣು.
ಅಷ್ಟರಲ್ಲಿ ಕಡಲು ಒಳಗೆ ಬಂತು,
ಉಳಿದದ್ದೆಷ್ಟು ಎಂದು ಯಾರೂ ಬರೆದಿಲ್ಲ.

ಬೆಂಚು ಜೋಡಿಸಿ ಮಂಚ ಮಾಡಿದ್ದೇವೆ.
ಕಿಟಕಿಯ ಸರಳಿಗೆ ಸೀರೆ, ಬುರ್ಖಾ,
ಮೀನಿನ ಫ್ಯಾಕ್ಟರಿಯ ನೀಲಿ ಏಪ್ರನ್ನು,
ಒಂದರ ನೀರು ಇನ್ನೊಂದರ ಮೇಲೆ.
ಟೀಚರೇ, ಇವತ್ತೂ ಗಂಜಿಯಾ? ಬೀಪಾತುಮ್ಮ ಕೇಳುತ್ತಾರೆ.
ಗಂಜಿಯೇ. ಉಪ್ಪಿನಕಾಯಿ ಉಂಟು.
ಕಡಲ ಬದಿಯವರು ಮೀನಿಲ್ಲದೆ ಉಣ್ಣುವುದು
ಇದು ಹದಿನೆಂಟನೇ ದಿನ.

ಬಾಣಂತಿಯರಿಗೆ ಕಬ್ಬಿಣದ ಮಾತ್ರೆ ಹಂಚುವುದೂ ನಾನೇ.
ಇದು ನುಂಗಿದರೆ ಹಾಲು ಕುಡಿಯುವ ಮಗು ಕಪ್ಪಾಗ್ತದಂತೆ,
ಸೆವ್ರಿನಳ ಸಂಶಯ.
ಕಪ್ಪಾಗುವುದು ಬೇರೆ ಎಂತದ್ದೋ ಮಾರಾಯ್ತಿ,
ಬೆಳಿಗ್ಗೆ ನೀನೇ ನೋಡ್ತಿ.
ಕೋಣೆಯಿಡೀ ನಕ್ಕಿತು. ನಕ್ಕವರೆಲ್ಲ ನುಂಗಿದರು.

ನಿಜವಾದ ಕೆಲಸ ಒಂದು ಪಟ್ಟಿಯದ್ದು.
ರಿಬ್ಬನ್ನಿನಷ್ಟು ಹಗುರ; ಹಸಿರು, ಹಳದಿ, ಕೆಂಪು.
ಎಡತೋಳು, ಹೆಗಲಿಗೂ ಮೊಣಕೈಗೂ ಸರಿಮಧ್ಯ,
ಬಿಗಿಯಬಾರದು, ಸಡಿಲ ಬಿಡಬಾರದು
ಎಂದು ತೊಕ್ಕೊಟ್ಟಿನ ಹಾಲಿನಲ್ಲಿ ನಮಗೆ ಕಲಿಸಿದ್ದಾರೆ,
ಗೇರುಬೀಜ ಹಾಕಿದ ಉಪ್ಪಿಟ್ಟು ತಿನ್ನಿಸಿ.
ಹನ್ನೊಂದೂವರೆಗಿಂತ ಕಡಿಮೆ ಬಂದರೆ ಕೆಂಪು.
ಕೆಂಪಿಗೆ ನೆಲಗಡಲೆಯ ಪೇಸ್ಟು,
ದಿನಕ್ಕೆ ಎರಡು ಪ್ಯಾಕೆಟು, ಆ ಮಗುವಿಗೆ ಮಾತ್ರ.
‘ಮಾತ್ರ’ದ ಕೆಳಗೆ ಎರಡು ಗೆರೆ.

ಫೂಲ್ಮನಿ ಸಿಗಡಿ ಸುಲಿಯುವವಳು, ಊರು ಜಾರ್ಖಂಡ್.
ಶೆಡ್ಡು ಹೋಯಿತು, ಪಾತ್ರೆ ಹೋಯಿತು,
ಬಂದದ್ದು ಇಬ್ಬರು ಮಕ್ಕಳು ಮತ್ತು ಒಂದು ಟಾರ್ಚು.
ಹದಿನಾಲ್ಕು ತಿಂಗಳ ಬುಧ್ನಿಯ ತೋಳನ್ನು
ನನ್ನ ಎರಡು ಬೆರಳು ಸುತ್ತಿದರೂ ಜಾಗ ಉಳಿಯುತ್ತದೆ.
ಮೊದಲ ವಾರ ಹನ್ನೊಂದು ಪಾಯಿಂಟ್ ಎರಡು.
ಆಮೇಲೆ ಮೂರು.

ಅವಳು ಪ್ಯಾಕೆಟನ್ನು ತುದಿಯಿಂದ ಸುರುಳಿ ಸುತ್ತಿ ಒತ್ತುತ್ತಾಳೆ,
ಬೆರಳ ಮೇಲೆ ಕಂದು ಗೆರೆ:
ಒಂದು ಗೆರೆ ಹುಡುಗಿಗೆ, ಒಂದು ಹುಡುಗನಿಗೆ.
ಹಾಗೆಲ್ಲ ಹಂಚಬಾರದು, ಇದು ಔಷಧಿ!
ನನ್ನ ಹರಕು ಹಿಂದಿಯಲ್ಲಿ ಗದರುತ್ತೇನೆ.
ತಲೆಯಾಡಿಸುತ್ತಾಳೆ. ನಾನು ಬೆನ್ನು ತಿರುಗಿಸುವ ತನಕ ಕಾಯುತ್ತಾಳೆ.
ನಾನೂ ಬೇಗ ತಿರುಗಿಸುತ್ತೇನೆ.

ಇವತ್ತು ಹನ್ನೊಂದು ಪಾಯಿಂಟ್ ಆರು.
ಕುಚ್ಚಲಕ್ಕಿ ಅಗುಳಿನ ಅರ್ಧ ದಪ್ಪದಷ್ಟು
ಗೆರೆ ದಾಟಿ ಹಳದಿಗೆ ಬಂದಿದ್ದಾಳೆ ಬುಧ್ನಿ.
ನನಗೆ ಖುಷಿಯಾಗಬೇಕಿತ್ತು.
ಹಳದಿಗೆ ಪೇಸ್ಟಿಲ್ಲ, ಪುಡಿ.
ಪುಡಿಗೆ ಕುದಿನೀರು ಬೇಕು,
ಕುದಿನೀರಿಗೆ ಒಲೆ ಬೇಕು, ಒಲೆಗೆ ಮನೆ.
ಇಲ್ಲಿಯ ಬಾವಿಗೂ ಈಗ ಉಪ್ಪು ರುಚಿ.

ಪಟ್ಟಿಯ ತುದಿ ಹಿಡಿದು
ಒಂದು ಕೂದಲೆಳೆಯಷ್ಟು ಎಳೆದೆ.
ಮಗು ಅಳಲಿಲ್ಲ, ನನ್ನ ಬಳೆ ನೋಡುತ್ತಿತ್ತು.
ಹನ್ನೊಂದು ಪಾಯಿಂಟ್ ನಾಲ್ಕು, ಎಂದೆ ಗಟ್ಟಿಯಾಗಿ,
ಬರೆದೆ, ಸಹಿ ಹಾಕಿದೆ.
ಫೂಲ್ಮನಿ ನನ್ನ ಬೆರಳನ್ನೇ ನೋಡುತ್ತಿದ್ದಳು.
ನಾಲ್ಕು ವರ್ಷ ಸಿಗಡಿಯ ತಕ್ಕಡಿಯೆದುರು ನಿಂತವಳು,
ಮುಳ್ಳು ಯಾವಾಗ ಸುಳ್ಳು ಹೇಳುತ್ತದೆ
ಎಂದು ಅವಳಿಗೆ ಯಾರೂ ಕಲಿಸಬೇಕಿಲ್ಲ.
ಏನೂ ಅನ್ನಲಿಲ್ಲ. ಸೆರಗಿನಲ್ಲಿ ಮಗುವಿನ ತೋಳು ಮುಚ್ಚಿದಳು.

ಗುರುವಾರ ಸೂಪರ್‌ವೈಸರ್ ಜಲಜಾಕ್ಷಿ ಮೇಡಂ ಬರುತ್ತಾರೆ.
ಈ ಮಗು ಯಾಕೆ ಏರುತ್ತಿಲ್ಲ, ಕೇಳುತ್ತಾರೆ.
ಹೇಳಲು ನಾನೊಂದು ಭೇದಿಯನ್ನು ಹುಡುಕಿಟ್ಟಿದ್ದೇನೆ.

ಹೊರಡುವಾಗ ಹುಡುಗ ಅಡ್ಡ ಬಂದ. ಸಾವ್ನಾ, ಆರು ವರ್ಷ.
ನನ್ನ ಪುಸ್ತಕದಲ್ಲಿ ಐದು ದಾಟಿದವರಿಗೆ ಕಾಲಮ್ಮಿಲ್ಲ.
ಅಂಗಿಯ ತೋಳು ಮಡಚಿ ಕೈ ಚಾಚಿ ನಿಂತ.
ಇರಲಿ ಎಂದು ಸುತ್ತಿದೆ.
ಯಾವ ಬಣ್ಣ? ಕೇಳಿದ, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ.
ಹಸಿರು! ಎಂದೆ, ಬಹುಮಾನ ಕೊಡುವವಳ ಹಾಗೆ.

ಅವನ ಮುಖ ಬಿದ್ದುಹೋಯಿತು.