ಎಡಗೈ ಹೆಬ್ಬೆರಳು

ಎರಡನೇ ವರ್ಷ ಶುರುವಾದಂದಿನಿಂದ
ನನಗೆ ಮುಖಗಳು ಕಾಣುವುದಿಲ್ಲ.
ಬಾಂಬೋಳಿಯಿಂದ ವಾಸ್ಕೋಗೆ ಹೋಗುವ ಕದಂಬ ಬಸ್ಸಿನಲ್ಲಿ
ಸರಳು ಹಿಡಿದು ನಿಂತವರ ಮುಂಗೈಯಷ್ಟೇ.
ಕಂಡಕ್ಟರನದು ಹಗ್ಗದಂಥ ನರ, ಕಣ್ಣು ಮುಚ್ಚಿ ಚುಚ್ಚಬಹುದು.
ಕಿಟಕಿ ಪಕ್ಕದ ಟೀಚರಮ್ಮನದು ಆಳದಲ್ಲಿದೆ, ಕಷ್ಟ.
ಅವರ ತೊಡೆಯ ಮೇಲಿನ ಕೂಸಿನ ಕೈ ಕಂಡರೆ
ಕತ್ತು ತಿರುಗಿಸುತ್ತೇನೆ.

ಲ್ಯಾಬಿನಲ್ಲಿ ಒಂದು ರಬ್ಬರ್ ತೋಳಿದೆ,
ಭುಜದಿಂದಾಚೆ ಮನುಷ್ಯನಿಲ್ಲ.
ಮೇಲೆ ತೂಗುಬಿಟ್ಟ ಚೀಲದಲ್ಲಿ
ಕುಂಕುಮ ಕದಡಿದಂಥ ರಕ್ತ.
ಹಿಂದಿನ ಬ್ಯಾಚಿನವರು ಚುಚ್ಚಿ ಚುಚ್ಚಿ
ಮೊಣಕೈ ಮಡಿಕೆ ಜರಡಿಯಾಗಿದೆ.
ನಾನು ಹೊಸದಾಗಿ ಚುಚ್ಚಲೇ ಇಲ್ಲ,
ಅವರ ತೂತಿನಲ್ಲೇ ತೂರಿಸಿದೆ.
ಹತ್ತಕ್ಕೆ ಒಂಬತ್ತು ಕೊಟ್ಟರು.

ವಾರ್ಡಿನಲ್ಲಿ ಹನ್ನೊಂದನೇ ಹಾಸಿಗೆ, ಕುಸ್ತೋದಿಯೊ ಅಂಕಲ್.
ನಲವತ್ತು ವರ್ಷ ತೆಂಗಿನ ಮರ ಹತ್ತಿ ಕಳ್ಳು ಇಳಿಸಿದವರು.
ಪಟ್ಟಿ ಬಿಗಿದೆ, ನಾಲ್ಕು ಬೆರಳು ಮೇಲೆ.
ಸ್ಪಿರಿಟ್ ಒಣಗಲೆಂದು ಮೂವತ್ತು ಎಣಿಸತೊಡಗಿದೆ,
ಹದಿನೇಳಕ್ಕೆ ಕೊಂಕಣಿ ಬಿಟ್ಟುಹೋಗಿ
ಕನ್ನಡದಲ್ಲಿ ಮುಗಿಸಿದೆ.
ನೀಲಿ ಕ್ಯಾನುಲಾ. ಸೂಜಿಯ ಬಾಯಿ ಮೇಲಕ್ಕೆ.

ನೆನೆದ ಶಾವಿಗೆಯ ಎಳೆಯ ಹಾಗೆ
ನರ ಪಕ್ಕಕ್ಕೆ ಸರಿಯಿತು.
ಚರ್ಮದಡಿ ಒಂದು ನೇರಳೆಹಣ್ಣು ಊದಿಕೊಂಡಿತು.

ಇನ್ನೊಂದು ಕೈಯನ್ನು ನಾನು ಟಪಟಪ ತಟ್ಟುವಾಗ
ಅವರೆಂದರು: ‘ಹಾಗೆ ಬಡೀಬೇಡ ಬಾಯ್.
ಹೊಂಬಾಳೆಯನ್ನು ಕತ್ತಿಯ ಹಿಡಿಯಿಂದ ಮೆಲ್ಲಗೆ ತಟ್ಟಬೇಕು,
ದಿನಾ ಮೂರು ಹೊತ್ತು.
ಮೊದಲ ದಿನವೇ ಯಾವ ಮರವೂ ಕೊಡೋದಿಲ್ಲ.’
ಆಮೇಲೆ ಗಡಿಯಾರ ನೋಡಿ,
‘ಆದರೆ ಊಟದ ಟ್ರಾಲಿ ಬರುವುದರೊಳಗೆ ಮುಗಿಸು.’

ಎಸ್ಮೆರಾಲ್ಡಾ ಸಿಸ್ಟರ್ ಹಿಂದಿನಿಂದ ಬಂದು ಕೈ ಹಿಡಿದರು,
ಬಲಗೈಯನ್ನಲ್ಲ.
ನನ್ನ ಎಡ ಹೆಬ್ಬೆರಳನ್ನು ನರದ ಕೆಳಗೆ ಇರಿಸಿ
ಚರ್ಮವನ್ನು ಬೆರಳ ತುದಿಗಳತ್ತ ಎಳೆಸಿದರು.
‘ಚುಚ್ಚೋದು ಯಾರಿಗೂ ಬರುತ್ತೆ. ಹಿಡಿ.’
ಹಿಡಿದೆ.
ಸೂಜಿ ಹಿಂದಿನ ಪುಟ್ಟ ಗಾಜುಗೂಡಿಗೆ
ಕೆಂಪು ತಾನಾಗಿ ಬಂದು ಕೂತಿತು,
ಕುಂಕುಮದ್ದಲ್ಲ, ಅದಕ್ಕಿಂತ ಕಪ್ಪು.
ಪಟ್ಟಿ ಬಿಚ್ಚಲು ಮರೆತಿದ್ದೆ. ಅವರೇ ಬಿಚ್ಚಿದರು.

ಲಾಗ್‌ಬುಕ್ಕಿನಲ್ಲಿ ಒಂದು ಸಾಲು, ಒಂದು ಸಹಿ.
ನೇರಳೆಹಣ್ಣಿಗೆ ಅದರಲ್ಲಿ ಕಾಲಂ ಇಲ್ಲ.

ರಾತ್ರಿ ಬೈನಾದ ಖೋಲಿಯಲ್ಲಿ
ಬಂದರಿನ ಬುಟ್ಟಿ ಇಳಿಸಿ ಬಂದ ಅವ್ವ ರೊಟ್ಟಿ ಬಡಿಯುತ್ತಿದ್ದಳು.
ಜೋಳದ ಹಿಟ್ಟಿನಡಿ ಅವಳ ಮುಂಗೈ:
ಮೂರು ಕವಲು, ನೆಟ್ಟಗೆ, ದಪ್ಪ.
ಇಷ್ಟು ವರ್ಷ ಆ ಕೈ ಉಂಡವಳು ಇಂದೇ ನೋಡಿದೆ.
‘ಏನ್ ನೋಡಾಕತ್ತಿ ಹಂಗ?’
‘ನರ,’ ಅಂದೆ. ಪುಸ್ತಕದಲ್ಲಿ ಅದು ಅಭಿಧಮನಿ,
ನರ ಎಂದು ಬರೆದರೆ ಮಾರ್ಕು ಹೋಗುತ್ತದೆ.
‘ನರ ಆಮ್ಯಾಲ ನೋಡೀಯಂತ,
ಅಲ್ಲಿ ತವಾ ನೋಡು, ಹೊತ್ತಾಕತ್ತೈತಿ.’

ಗಡಿಬಿಡಿಯಲ್ಲಿ ಎಡಗೈಯಿಂದ ತಿರುವಿಹಾಕಿದೆ.
ಹೆಬ್ಬೆರಳು ಚುರ್ರೆಂದಿತು.
ನಾಳೆ ಬೆಳಿಗ್ಗೆ ಏಳೂವರೆಗೆ
ಅದಕ್ಕೇ ಕೆಲಸ.